ಗೋಮುಖದಿಂದ ವಾಪಸ್ಸು

ಚಾಮರಾಜಪೇಟೆಯ ಒಂದು ಈಶ್ವರನ ಗುಡಿಯ ಸುತ್ತ ದುಂಡನೆಯ ಅಗಲವಾದ ರಸ್ತೆ. ಆ ರಸ್ತೆಗೆ ಮುಖ ಮಾಡಿಕೊಂಡು, ಒಂದು ಹೊಂಗೆಮರದ ಮಗ್ಗುಲಿಗೆ, ಪಂಚಾಕ್ಷರಯ್ಯನವರ ಗ್ಯಾರೇಜು. ಗ್ಯಾರೇಜು ಅಂದರೆ ದೊಡ್ಡದೇನಲ್ಲ. ಗಾಡಿ ಒಳಗೆ ಬಂದರೆ ಮೇಸ್ತ್ರಿ ಹೊರಗೆ ನಿಲ್ಲಬೇಕು, ಅಷ್ಟು ಜಾಗ. ಬೋರ್ಡು ಕೂಡ ಇರಲಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ಕಲಾಸಿಪಾಳ್ಯದಿಂದ ಹನುಮಂತನಗರದವರೆಗೆ ಯಾವ ಡ್ರೈವರನ್ನು ಬೇಕಾದರೂ ಕೇಳಿ, ಗಾಡಿಯ ಹಿಂದುಗಡೆ ಸದ್ದು ಬಂದರೆ ‘ಅಯ್ನೋರ ಹತ್ರ ಹೋಗು’ ಅನ್ನುತ್ತಿದ್ದರು.

ಪಂಚಾಕ್ಷರಯ್ಯನವರದು ತರಗುಪೇಟೆಯಲ್ಲಿ ಅಜ್ಜನ ಕಾಲದಿಂದ ಬೇಳೆಕಾಳಿನ ಮಂಡಿ ನಡೆಸಿದ ಮನೆತನ. ಅಣ್ಣಂದಿರಿಬ್ಬರು ಮಂಡಿಯ ಗಾದಿಯ ಮೇಲೆ ಕೂತರು. ಇವರು ಮಾತ್ರ ಮಂಡಿಗೆ ಮೂಟೆ ತರುತ್ತಿದ್ದ ಲಾರಿಗಳ ಕೆಳಗೆ ಇಣುಕಿ ನೋಡುತ್ತ ನೋಡುತ್ತ ಒಬ್ಬ ಮೇಸ್ತ್ರಿಯ ಹಿಂದೆ ಹೋಗಿಬಿಟ್ಟರು. ನೆಂಟರು ಮೂಗು ಮುರಿದರು. ವಿಭೂತಿ ಹಚ್ಚುವ ಕೈಗೆ ಗ್ರೀಸೇ ಅಂದರು. ಇವರು ಎರಡನ್ನೂ ಬಿಡಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಬಂದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಮೇಲೊಂದು ಕರೀ ಬೆರಳಚ್ಚು ಬಿದ್ದಿರುತ್ತಿತ್ತು. ಹೆಂಡತಿ ತ್ರಿಪುರಸುಂದರಿ ಅದನ್ನು ಸೆರಗಿನಿಂದ ಒರೆಸಿ, ಆಮೇಲೆ ಎಲೆ ಹಾಕುತ್ತಿದ್ದರು.

ಗಾಡಿ ತಿರುಗುವಾಗ ಹೊರಗಡೆಯ ಚಕ್ರ ಹೆಚ್ಚು ದೂರ ಓಡಬೇಕು, ಒಳಗಡೆಯದು ಕಡಿಮೆ. ಈ ಹೆಚ್ಚುಕಡಿಮೆಯನ್ನು ಸರಿದೂಗಿಸುವುದಕ್ಕೆ ಹಿಂದಿನ ಎರಡು ಚಕ್ರಗಳ ನಡುವೆ ಒಂದು ಗುಂಡನೆಯ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದೇ ಡಿಫರೆನ್ಷಿಯಲ್. ಮಾಮೂಲಿ ಪೆಟ್ಟಿಗೆಗೆ ಒಂದು ಕೆಟ್ಟ ಬುದ್ಧಿಯಿದೆ. ಒಂದು ಚಕ್ರ ಕೆಸರಿಗೆ ಸಿಕ್ಕಿತೋ, ಎಂಜಿನ್ನಿನ ಶಕ್ತಿಯನ್ನೆಲ್ಲ ಅದಕ್ಕೇ ಸುರಿದು, ಗಟ್ಟಿ ನೆಲದ ಮೇಲಿರುವ ಇನ್ನೊಂದನ್ನು ಸುಮ್ಮನೆ ನಿಲ್ಲಿಸಿಬಿಡುತ್ತದೆ. ಬೆಟ್ಟ ಹತ್ತುವ ಜೀಪಿಗೆ ಇದರಿಂದ ಕೆಲಸ ನಡೆಯುವುದಿಲ್ಲ ಎಂದು ಕೆಲವಕ್ಕೆ ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅನ್ನುವ ಬೇರೆ ಥರದ ಪೆಟ್ಟಿಗೆ ಕೂರಿಸುತ್ತಾರೆ. ಅದರೊಳಗೆ ತೆಳು ಉಕ್ಕಿನ ಪ್ಲೇಟುಗಳು ಹಪ್ಪಳ ಅಡುಕಿದ ಹಾಗೆ ಒಂದನ್ನೊಂದು ಒತ್ತಿಕೊಂಡು ಕೂತಿರುತ್ತವೆ. ಒಂದು ಚಕ್ರ ಜಾರಿದರೆ ಪ್ಲೇಟುಗಳು ಬಿಗಿಹಿಡಿದು ಇನ್ನೊಂದಕ್ಕೂ ಶಕ್ತಿ ಮುಟ್ಟಿಸುತ್ತವೆ. ಪ್ಲೇಟು ಸವೆದರೆ ಆ ಪೆಟ್ಟಿಗೆಯೂ ಮಾಮೂಲಿಯದೇ.

ಸವೆದಿದೆಯೋ ಇಲ್ಲವೋ ಎನ್ನುವುದನ್ನು ಬಿಚ್ಚದೆ ಹೇಳುವುದು ಪಂಚಾಕ್ಷರಯ್ಯನವರ ಹೆಚ್ಚುಗಾರಿಕೆ. ಒಂದು ಸಲ ಬಿಚ್ಚಿದ ಪೆಟ್ಟಿಗೆ ಮೊದಲಿನ ಹಾಗೆ ಕೂರುವುದು ಕಷ್ಟ, ಹಲ್ಲಿಗೆ ಹಲ್ಲು ಹೊಂದುವುದಿಲ್ಲ, ಆದ್ದರಿಂದ ಸುಮ್ಮಸುಮ್ಮನೆ ಹೊಟ್ಟೆ ಬಗೆಯಬಾರದು ಎಂದು ಅವರ ಮೇಸ್ತ್ರಿ ಹೇಳಿಕೊಟ್ಟಿದ್ದರು. ಹಾಗಾಗಿ ಇವರು ಗಾಡಿಯನ್ನು ಗುಡಿಯ ಸುತ್ತ ನಿಧಾನವಾಗಿ ಮೂರು ಸುತ್ತು ಓಡಿಸುತ್ತಿದ್ದರು. ಪ್ಲೇಟು ಕೆಟ್ಟಿದ್ದರೆ ತಿರುಗುವಾಗ ಹಿಂದಿನಿಂದ ಒಂದು ನರಳಾಟ ಕೇಳುತ್ತದೆ, ಸೀಟಿನಲ್ಲಿ ಸಣ್ಣ ನಡುಕ ಬರುತ್ತದೆ. ಹಾಗೇನಾದರೂ ಬಂದರೆ ಮಾತ್ರ ಜಾಕ್ ಹಾಕಿ ಚಕ್ರ ಎತ್ತಿ ಮುಂದಿನ ಪರೀಕ್ಷೆ. ಬರದಿದ್ದರೆ ಗಾಡಿಯನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ, ಇಳಿದು, ‘ಸರಿ ಇದೆ’ ಅನ್ನುವರು. ಆ ಎರಡು ಮಾತಿಗೆ ಆಮೇಲೆ ಅಪೀಲು ಇರಲಿಲ್ಲ.

ಸುತ್ತುವುದು ಬಲಕ್ಕೇ, ದೇವರನ್ನು ಬಲಗಡೆಗೆ ಇಟ್ಟುಕೊಂಡು. ಎಡಕ್ಕೆ ಸುತ್ತಿದರೆ ಅಪ್ರದಕ್ಷಿಣೆ, ಅದು ಸಾವಿನ ಮನೆಯ ಕ್ರಮ. ಸಾಲದ್ದಕ್ಕೆ ರಸ್ತೆಯ ಕಾನೂನೂ ಸರ್ಕಲ್ಲನ್ನು ಬಲಕ್ಕೇ ಸುತ್ತಬೇಕು ಅನ್ನುತ್ತದೆ. ದೇವರೂ ಪೊಲೀಸರೂ ಒಂದೇ ಮಾತು ಹೇಳುವುದು ಅಪರೂಪ. ಹೇಳಿದಾಗ ಯಾರು ತಾನೇ ಅನುಮಾನ ಪಡುತ್ತಾರೆ?

ತೊಂಬತ್ತಾರನೆಯ ಇಸವಿಯ ಮಳೆಗಾಲದ ಮೊದಲಲ್ಲಿ ಸೊಣ್ಣಪ್ಪ ಜೀಪು ತಂದ. ಹನುಮಂತನಗರದ ಒಂದು ಟ್ರಸ್ಟಿನವರು ಚಾಮರಾಜನಗರದ ಆಚೆ ಬೆಟ್ಟದ ಹಾಡಿಗಳಿಗೆ ಹೋಗಿ ಕಣ್ಣಿನ ತಪಾಸಣೆ ನಡೆಸುತ್ತಿದ್ದರು. ಎಲ್‌ಎಸ್‌ಡಿ ಕೂರಿಸಿದ ಅವರ ಜೀಪಿಗೆ ಇವನು ಡ್ರೈವರು. ಆನೇಕಲ್ ಕಡೆಯವನು, ನಲವತ್ತು ದಾಟಿದವನು, ಮಾತು ಕಡಿಮೆ.

“ಎಡಕ್ಕೆ ತಿರುಗಿಸಿದ್ರೆ ನರಳ್ತದೆ ಅಯ್ನೋರೆ” ಎಂದ.

“ಎಡಕ್ಕೆ ಮಾತ್ರಾನಾ?”

“ಎಡಕ್ಕೇ ಜಾಸ್ತಿ. ಬಲಕ್ಕೆ ಏನೂ ಇಲ್ಲ ಅಂದಂಗೇ.”

ಪಂಚಾಕ್ಷರಯ್ಯ ನಕ್ಕರು. “ನರಳೋದಾದ್ರೆ ಎರಡು ಕಡೆನೂ ನರಳಬೇಕು ಕಣಯ್ಯ. ಅದೇನು ಸೊಟ್ಟ ಕತ್ತಿನ ಮನುಷ್ಯನಾ, ಒಂದೇ ಕಡೆ ನೋಯೋಕೆ?” ಎಂದು ಜೀಪು ಹತ್ತಿ ಮೂರು ಸುತ್ತು ಹಾಕಿ ಬಂದರು. ಜೀಪು ತುಟಿಪಿಟಕ್ಕೆನ್ನಲಿಲ್ಲ. ‘ಸರಿ ಇದೆ’ ಎಂದರು. ಸೊಣ್ಣಪ್ಪ ಒಂದು ಗಳಿಗೆ ನಿಂತಿದ್ದು, ಕೀ ತೆಗೆದುಕೊಂಡು ಹೊರಟುಹೋದ.

ಮಳೆ ಬಲವಾಯಿತು. ಒಂದು ಬೆಳಿಗ್ಗೆ ಹಾಡಿಗೆ ಹತ್ತುವ ಮಣ್ಣಿನ ಏರಿನಲ್ಲಿ ಆ ಜೀಪು ಮುಂದೆ ಹೋಗಲಾರದೆ ಹಿಂದಕ್ಕೆ ಜಾರಿ ಚರಂಡಿಗೆ ಒರಗಿತು. ಒಳಗಿದ್ದ ಕಣ್ಣಿನ ಡಾಕ್ಟರು ಗೋದಾ ಅವರ ಮಣಿಕಟ್ಟು ಮುರಿಯಿತು. ಪುಣ್ಯಕ್ಕೆ ಮತ್ತೇನೂ ಆಗಲಿಲ್ಲ. ಆದರೆ ಅಂದಿನ ಕ್ಯಾಂಪು ನಿಂತುಹೋಯಿತು, ಸುತ್ತಮುತ್ತಲಿಂದ ನಡೆದು ಬಂದ ಮುದುಕ ಮುದುಕಿಯರು ಮಳೆಯಲ್ಲೇ ಹಿಂದಿರುಗಿದರು.

ಜೀಪು ಬೆಂಗಳೂರು ಸೇರಿದ ಮೇಲೆ ಟ್ರಸ್ಟಿನ ಕಾರ್ಯದರ್ಶಿ ಶ್ರೀನಿವಾಸಯ್ಯನವರೇ ಅದರಲ್ಲಿ ಕೂತು ಪಂಚಾಕ್ಷರಯ್ಯನವರ ಹತ್ತಿರ ಬಂದರು. ನಿವೃತ್ತ ಹೈಸ್ಕೂಲು ಮೇಷ್ಟ್ರು. ಮನುಷ್ಯ ಕೆಟ್ಟವರಲ್ಲ, ಆದರೆ ತಪ್ಪಿಗೊಬ್ಬ ಹುಡುಗನನ್ನು ಎದ್ದು ನಿಲ್ಲಿಸದಿದ್ದರೆ ಅವರಿಗೆ ಪಾಠ ಮುಂದುವರಿಯುತ್ತಿರಲಿಲ್ಲ.

“ಪಂಚಾಕ್ಷರಯ್ಯನೋರೆ, ನನಗೆ ಒಂದೇ ಮಾತು ಬೇಕು” ಎಂದರು. “ಗಾಡೀಲಿ ದೋಷ ಇದ್ರೆ ಇವನದು ತಪ್ಪಿಲ್ಲ. ಗಾಡಿ ಸರಿಯಾಗಿದ್ರೆ ಇವನ ಕೈಗೆ ಇನ್ನು ಗಾಡಿ ಕೊಡಲ್ಲ. ಡಾಕ್ಟರ ಕೈ ಮುರೀತು, ಇವತ್ತು ಕೈ, ನಾಳೆ ಜೀವ.”

“ಒಂದು ಚಕ್ರ ಕೆಸರಲ್ಲಿ ಗಿರ್‍ರಂತ ಸುತ್ತಿತು ಅಯ್ನೋರೆ, ಇನ್ನೊಂದು ಅಲ್ಲಾಡ್ಲಿಲ್ಲ” ಎಂದ ಸೊಣ್ಣಪ್ಪ.

“ಮುಂದೆ ಕೂತೋನಿಗೆ ಹಿಂದಿನ ಚಕ್ರ ಹೇಗೆ ಕಾಣಿಸ್ತು?” ಎಂದರು ಶ್ರೀನಿವಾಸಯ್ಯ.

ಇಪ್ಪತ್ತು ವರ್ಷ ಸ್ಟೀರಿಂಗು ಹಿಡಿದವನಿಗೆ ಹಿಂದಿನ ಚಕ್ರ ಬೆನ್ನಿನಲ್ಲಿ ತಿಳಿಯುತ್ತದೆ. ಆದರೆ ಅದನ್ನು ಮೇಷ್ಟ್ರಿಗೆ ಹೇಳುವುದು ಹೇಗೆ? ಬಡವನ ಕೋಪ ದವಡೆಗೆ ಮೂಲ ಎಂದು ಸೊಣ್ಣಪ್ಪ ಹಲ್ಲು ಕಚ್ಚಿ ನಿಂತ.

ಪಂಚಾಕ್ಷರಯ್ಯ ಜೀಪು ಹತ್ತಿದರು. ಮೊದಲು ‘ಸರಿ ಇದೆ’ ಅಂದಿದ್ದ ಮಾತು ಆಗಲೇ ಅವರ ಬಗಲಲ್ಲಿ ಕೂತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಕಾಲು ಎಣಿಸುವುದೇ ಇಲ್ಲ. ಮೂರು ಸುತ್ತು ಬಂದರು. ಮತ್ತೆ ಸದ್ದಿಲ್ಲ, ನಡುಕವಿಲ್ಲ. ಮರದ ಕೆಳಗೆ ನಿಲ್ಲಿಸಿ ಇಳಿದಾಗ ಸೊಣ್ಣಪ್ಪ ಹತ್ತಿರ ಬಂದ.

“ಒಂದ್ಸಲ ಎಡಕ್ಕೆ ಬನ್ನಿ ಅಯ್ನೋರೆ. ನಾನೂ ಜೊತೇಲಿ ಬತ್ತೀನಿ.”

“ದೇವರನ್ನ ಎಡಕ್ಕಿಟ್ಟುಕೊಂಡು ಸುತ್ತೋದಾ? ನೀನು ಹೇಳೋದು ಸರಿ ಹೋಯ್ತು” ಎಂದು ಗದರಿ, ಶ್ರೀನಿವಾಸಯ್ಯನವರ ಕಡೆ ತಿರುಗಿ, “ಗಾಡೀಲಿ ದೋಷ ಇಲ್ಲ” ಎಂದುಬಿಟ್ಟರು.

ಆ ದಿನವೇ ಸೊಣ್ಣಪ್ಪನ ಕೆಲಸ ಹೋಯಿತು.

ಆಮೇಲಿನ ದಿನಗಳಲ್ಲಿ ಪಂಚಾಕ್ಷರಯ್ಯನವರಿಗೆ ಊಟ ರುಚಿಸಲಿಲ್ಲ. ತಾವು ಹೇಳಿದ್ದು ಸರಿ ಎಂದು ತಮಗೆ ತಾವೇ ಎಷ್ಟು ಸಲ ಹೇಳಿಕೊಂಡರೂ ‘ಎಡಕ್ಕೆ’ ಎನ್ನುವ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಅಲ್ಲೇ ಇತ್ತು. ಸುಳ್ಳು ಹೇಳುವವನು ಸುಮ್ಮನೆ ‘ನರಳುತ್ತದೆ’ ಅನ್ನುತ್ತಾನೆ. ಎಡ, ಬಲ ಅಂತ ಕಷ್ಟಪಟ್ಟು ಯಾಕೆ ಹುಟ್ಟಿಸುತ್ತಾನೆ? ಸೊಣ್ಣಪ್ಪ ಈಗ ಕಲಾಸಿಪಾಳ್ಯದಲ್ಲಿ ತರಕಾರಿ ಮೂಟೆ ಇಳಿಸುತ್ತಿದ್ದಾನೆ ಎಂದು ಯಾರೋ ಡ್ರೈವರು ಹೇಳಿ ಹೋದ. ಡಾಕ್ಟರ ಕೈ ಮುರಿದವನು ಅಂತ ಹೆಸರು ಬಿದ್ದ ಮೇಲೆ ಅವನಿಗೆ ಗಾಡಿ ಕೊಡುವವರು ಯಾರು? ಸ್ಟೀರಿಂಗು ಹಿಡಿದವನ ಬೆನ್ನ ಮೇಲೆ ಈಗ ಕೋಸಿನ ಮೂಟೆ.

ಸೋಮವಾರ ಸಂಜೆ ಪದ್ಧತಿಯಂತೆ ಗಂಡಹೆಂಡತಿ ಗುಡಿಗೆ ಹೋದರು. ಒಳಗೆ ಮಂಗಳಾರತಿ ಮುಗಿಸಿ ಪ್ರದಕ್ಷಿಣೆಗೆ ಹೊರಟರು. ಶಿವನ ಗುಡಿಯ ಪ್ರದಕ್ಷಿಣೆ ಬೇರೆ ದೇವರ ಹಾಗಲ್ಲ. ಅಭಿಷೇಕದ ನೀರು ಹೊರಗೆ ಬೀಳುವ ಗೋಮುಖವನ್ನು ದಾಟುವಂತಿಲ್ಲ. ನಂದಿಯಿಂದ ಹೊರಟು ಬಲಕ್ಕೆ ಸುತ್ತಿ ಗೋಮುಖದ ತನಕ ಹೋಗಬೇಕು, ಅಲ್ಲಿಂದ ಹಿಂದಿರುಗಿ ಬಂದ ದಾರಿಯಲ್ಲೇ ನಂದಿಯ ಹತ್ತಿರ ಬರಬೇಕು. ಪಂಚಾಕ್ಷರಯ್ಯ ಹುಟ್ಟಿದಾಗಿನಿಂದ ಇದನ್ನು ಮಾಡುತ್ತಿದ್ದರು. ಕಾಲಿಗೆ ಗೊತ್ತಿತ್ತು, ತಲೆಗೆ ಯೋಚಿಸುವ ಕೆಲಸವೇ ಇರಲಿಲ್ಲ.

ಗೋಮುಖದ ಹತ್ತಿರ ತಿರುಗುವಾಗ ತ್ರಿಪುರಸುಂದರಿ ಕೇಳಿದರು: “ಏನೂಂದ್ರೆ, ಆ ಸೊಣ್ಣಪ್ಪ ಎಡಕ್ಕೆ ತಿರುಗಿಸಿದ್ರೆ ನರಳ್ತದೆ ಅಂದ ಅಂತ ಹೇಳಿದ್ರಲ್ವಾ? ನೀವು ಎಡಕ್ಕೆ ತಿರುಗಿಸಿ ನೋಡಿದ್ರಾ?”

“ಗುಡಿ ಸುತ್ತ ಎಡಕ್ಕೆ ಹೋಗ್ತಾರೇನೇ ಯಾರಾದ್ರೂ?”

“ನಾವೀಗ ಹೋಗ್ತಿರೋದು ಎತ್ತಲಾಗೆ?”

ಪಂಚಾಕ್ಷರಯ್ಯ ನಿಂತರು. ಗರ್ಭಗುಡಿಯ ಗೋಡೆ ಎಡಗೈಗೆ ಮುಟ್ಟುವಷ್ಟು ಹತ್ತಿರವಿತ್ತು. ದೇವರು ಎಡಕ್ಕಿದ್ದ. ಹಿಂದೆ ಬರುತ್ತಿದ್ದವರೊಬ್ಬರು ಇವರನ್ನು ಬಳಸಿಕೊಂಡು ಮುಂದೆ ಹೋದರು.

“ಅದು ಬೇರೆ” ಎಂದರು.

“ಬೇರೇನೇ ಇರಲಿ. ಶಿವನೇ ಅರ್ಧ ದಾರಿಗೆ ಹೋಗಿ ವಾಪಸ್ಸು ಬನ್ನಿ ಅಂತಾನೆ. ನೀವು ಅವನಿಗಿಂತ ಮಡಿವಂತರು” ಎಂದು ತ್ರಿಪುರಸುಂದರಿ ನಂದಿಗೆ ಕೈಮುಗಿದು ಚಪ್ಪಲಿ ಹುಡುಕುವುದಕ್ಕೆ ಹೋದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಂಚಾಕ್ಷರಯ್ಯ ಕಲಾಸಿಪಾಳ್ಯದಲ್ಲಿದ್ದರು. ಲಾರಿಗಳ ಸಂದಿಯಲ್ಲಿ, ಕೊಳೆತ ಸೊಪ್ಪಿನ ಮೇಲೆ ಕಾಲಿಟ್ಟುಕೊಂಡು ಹುಡುಕಿದಾಗ ಸೊಣ್ಣಪ್ಪ ಸಿಕ್ಕ. ತಲೆಗೆ ಗೋಣಿಚೀಲ ಕಟ್ಟಿಕೊಂಡಿದ್ದ. ಇವರನ್ನು ನೋಡಿ ಮೂಟೆ ಕೆಳಗಿಳಿಸಿದ.

“ಬಾರಯ್ಯ, ಎಡಕ್ಕೆ ಹೋಗೋಣ” ಎಂದರು ಪಂಚಾಕ್ಷರಯ್ಯ.

“ಈಗ್ಯಾಕೆ ಅಯ್ನೋರೆ? ಆಗೋದು ಆಗೋಯ್ತು.”

“ನನಗೋಸ್ಕರ ಬಾ.”

ಅವನು ಬಂದ. ಟ್ರಸ್ಟಿನ ಹತ್ತಿರ ಹೋಗಿ ಪಂಚಾಕ್ಷರಯ್ಯ ಇನ್ನೊಂದು ಸಲ ನೋಡಬೇಕು ಎಂದು ಜೀಪು ಕೇಳಿದರು. ಶ್ರೀನಿವಾಸಯ್ಯ ಸೊಣ್ಣಪ್ಪನನ್ನು ನೋಡಿ ಮುಖ ಗಂಟಿಕ್ಕಿದರೂ, ಅಯ್ನೋರ ಮುಖ ನೋಡಿ ಕೀ ಕೊಟ್ಟು ತಾವೂ ಹಿಂದೆ ಹತ್ತಿ ಕೂತರು.

ಗುಡಿಯ ಹತ್ತಿರ ಪಂಚಾಕ್ಷರಯ್ಯ ಸ್ಟೀರಿಂಗು ಸೊಣ್ಣಪ್ಪನಿಗೆ ಬಿಟ್ಟು, ತಾವು ಹಿಂದುಗಡೆ, ಎರಡು ಚಕ್ರಗಳ ನಡುವಿನ ತಗಡಿನ ಮೇಲೆ ಅಂಗೈ ಊರಿ ಕುಕ್ಕುರುಗಾಲಲ್ಲಿ ಕೂತರು. “ಮೊದಲು ಬಲಕ್ಕೆ. ಗೋಮುಖದ ನೇರಕ್ಕೆ ಬಂದಾಗ ನಿಲ್ಲಿಸು” ಎಂದರು. ಬಲಕ್ಕೆ ಜೀಪು ಎಂದಿನಂತೆ ಮೌನವಾಗಿ ಹೋಯಿತು. ಗೋಮುಖದ ನೇರಕ್ಕೆ ನಿಂತಿತು. “ಇನ್ನು ತಿರುಗಿಸಿಕೊಂಡು ವಾಪಸ್ಸು ನಡಿ.”

ಅಷ್ಟು ಬೆಳಿಗ್ಗೆ ರಸ್ತೆ ಹೆಚ್ಚುಕಡಿಮೆ ಖಾಲಿ. ಎದುರಿಗೆ ಬಂದ ಒಬ್ಬ ಆಟೋದವನು ಮಾತ್ರ “ಏನ್ ಗುರು, ಇನ್ನೂ ನಿದ್ದೆ ಹೋಗಿಲ್ವಾ?” ಎಂದು ಪಕ್ಕಕ್ಕೆ ಸರಿದ. ಪಂಚಾಕ್ಷರಯ್ಯನವರಿಗೆ ಅದು ಕೇಳಿಸಲಿಲ್ಲ. ಅವರ ಅಂಗೈಯ ಕೆಳಗೆ ಜೀಪು ನರಳುತ್ತಿತ್ತು. ತಗಡು ಕಟಕಟನೆ ನಡುಗಿ, ಒಂದು ಕ್ಷಣ ಸುಮ್ಮನಾಗಿ, ಮತ್ತೆ ನಡುಗುತ್ತಿತ್ತು. ಶ್ರೀನಿವಾಸಯ್ಯನವರಿಗೂ ಕೇಳಿಸಿತು. ಸೊಣ್ಣಪ್ಪ ಹಿಂದಿರುಗಿ ನೋಡಲಿಲ್ಲ, ನಾನು ಅಂದಿರಲಿಲ್ಲವಾ ಅಂತಲೂ ಅನ್ನಲಿಲ್ಲ. ಅಂದಿದ್ದರೆ ಪಂಚಾಕ್ಷರಯ್ಯನವರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರದ ಕೆಳಗೆ ಜಾಕ್ ಹಾಕಿ ಒಂದು ಹಿಂದಿನ ಚಕ್ರ ಎತ್ತಿದರು. ಇನ್ನೊಂದು ನೆಲದ ಮೇಲೇ ಇತ್ತು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಡಿಸಿದರು. ಪ್ಲೇಟು ಚೆನ್ನಾಗಿದ್ದರೆ ಎತ್ತಿದ ಚಕ್ರವನ್ನು ಉದ್ದನೆಯ ಸರಳು ಹಾಕಿ ತಿರುಗಿಸುವುದಕ್ಕೂ ತಿಣುಕಬೇಕು. ಪಂಚಾಕ್ಷರಯ್ಯ ಸರಳು ತೆಗೆದುಕೊಳ್ಳಲೇ ಇಲ್ಲ. ಒಂದು ಕೈಯಲ್ಲಿ ತಳ್ಳಿದರು, ಚಕ್ರ ಬೀಸುವ ಕಲ್ಲಿನಷ್ಟೂ ತಡೆಯದೆ ತಿರುಗಿತು.

ಒಂದು ಕಡೆಗೇ ಯಾಕೆ ನರಳಿತು ಎನ್ನುವುದು ಆಮೇಲೆ ಕಣ್ಣಿಗೆ ಬಿತ್ತು. ಹಿಂದಿನ ಎಡಗಡೆಯ ಟೈರು ಹೊಚ್ಚ ಹೊಸದು, ಬಲಗಡೆಯದು ಬೋಳು. ಹೂವಿನಂಗಡಿಯಿಂದ ದಾರ ತಂದು ಎರಡಕ್ಕೂ ಸುತ್ತಿ ನೋಡಿದರೆ ಹೊಸದರ ಸುತ್ತಳತೆ ನಾಲ್ಕು ಬೆರಳಿನಷ್ಟು ಹೆಚ್ಚಿತ್ತು. ಬೋಳು ಟೈರು ಚಿಕ್ಕದಾದ್ದರಿಂದ ನೆಟ್ಟಗಿನ ದಾರಿಯಲ್ಲೂ ಅದು ಜೋಡಿಗಿಂತ ಹೆಚ್ಚು ಸಲ ಸುತ್ತಬೇಕು. ಹಾಗಾಗಿ ಒಳಗಿನ ಪ್ಲೇಟುಗಳಿಗೆ ಬಿಡುವೇ ಇಲ್ಲದ ಉಜ್ಜಾಟ. ದುಂಡನೆಯ ರಸ್ತೆಯಲ್ಲಿ ಬಲಕ್ಕೆ ಸುತ್ತುವಾಗ ಎಡಗಡೆಯ ದೊಡ್ಡ ಟೈರು ಹೊರಗಿರುತ್ತದೆ. ಹೊರಗಿನ ಹೆಚ್ಚಿನ ದೂರವನ್ನು ಅದರ ದೊಡ್ಡ ಗಾತ್ರವೇ ಸರಿದೂಗಿಸಿ, ಎರಡು ಚಕ್ರವೂ ಸಮಸಮವಾಗಿ ಸುತ್ತಿ, ಸದ್ದೇ ಅಡಗಿಹೋಗುತ್ತಿತ್ತು. ಎಡಕ್ಕೆ ಸುತ್ತಿದರೆ ಎರಡು ಕಷ್ಟವೂ ಬೋಳು ಟೈರಿನ ಮೇಲೇ ಬಿದ್ದು ಗಾಡಿ ಬಾಯಿಬಿಡುತ್ತಿತ್ತು. ಬಲಕ್ಕೆ ಸುತ್ತಿದವನಿಗೆ ಏಳು ಜನ್ಮ ಸುತ್ತಿದರೂ ತಿಳಿಯುತ್ತಿರಲಿಲ್ಲ.

“ಒಂದು ಟೈರ್ ಹೋಗಿತ್ತು, ಒಂದು ತಂದು ಹಾಕಿಸಿದೆ” ಎಂದರು ಶ್ರೀನಿವಾಸಯ್ಯ ಮೆಲ್ಲಗೆ. “ಚೆನ್ನಾಗಿರೋದನ್ನ ಯಾಕೆ ಎಸೀಬೇಕು ಅಂತ.”

ಅದೂ ನಿಜವೇ. ಆ ಬಡಾವಣೆಗಳಲ್ಲಿ ಒಂದು ಚಪ್ಪಲಿ ಕಿತ್ತುಹೋದರೆ ಜೊತೆ ಎಸೆಯುವವರು ಯಾರಿದ್ದರು?

“ನಿಮ್ಮದಲ್ಲ ಮೇಷ್ಟ್ರೇ” ಎಂದರು ಪಂಚಾಕ್ಷರಯ್ಯ. “ಗಾಡಿ ಎರಡು ಸಲ ನನ್ನ ಹತ್ರ ಬಂತು. ಎರಡು ಸಲವೂ ನಾನು ಟೈರ್ ನೋಡಲಿಲ್ಲ, ಜಾಕ್ ಹಾಕಲಿಲ್ಲ, ಇವನ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಏರಿನಲ್ಲಿ ಆಗಿದ್ದು ಇವನು ಹೇಳಿದ ಹಾಗೇ. ಡಾಕ್ಟರಮ್ಮನೋರ ಕೈ ಮುರಿದದ್ದು ನನ್ನ ಮಾತಿನಿಂದ. ಅವರಿಗೂ ನಾನೇ ಹೋಗಿ ಹೇಳ್ತೀನಿ.”

ಅಂದೇ ಸಂಜೆ ಹೋಗಿ ಹೇಳಿದರು. ಗೋದಾ ಅವರು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿ, “ಸೊಣ್ಣಪ್ಪನೇ ಬರ್ತಾರೆ ತಾನೇ?” ಎಂದಷ್ಟೇ ಕೇಳಿದರು. ಶ್ರೀನಿವಾಸಯ್ಯ ತಾವೇ ಸೊಣ್ಣಪ್ಪನ ಮನೆಗೆ ಹೋಗಿ ಕರೆದು ಬಂದರು. ತಪ್ಪು ಎಂದು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಕಾಫಿ ಕುಡಿದು ಬಂದರಂತೆ. ಮೇಷ್ಟ್ರ ಮಟ್ಟಿಗೆ ಅದು ದೊಡ್ಡದೇ.

ಪೆಟ್ಟಿಗೆ ಬಿಚ್ಚಿದಾಗ ಪ್ಲೇಟುಗಳು ಸೀದ ದೋಸೆಯ ಹಾಗೆ ಕಪ್ಪಾಗಿದ್ದವು. ಹೊಸ ಪ್ಲೇಟು ಬರುವ ತನಕ ಪಂಚಾಕ್ಷರಯ್ಯ ಬೇರೆ ಗಾಡಿ ಮುಟ್ಟಲಿಲ್ಲ. ಕೂತಲ್ಲಿ ಕೂತು ಹಳೆಯ ಗಾಡಿಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದರು. ಎಷ್ಟಕ್ಕೆ ‘ಸರಿ ಇದೆ’ ಅಂದಿದ್ದೆ? ಅವುಗಳಲ್ಲಿ ಎಷ್ಟು ಎಡಕ್ಕೆ ನರಳುತ್ತಿದ್ದವೋ? ಯಾವ ಯಾವ ಡ್ರೈವರು ಒಂದು ಗಳಿಗೆ ನಿಂತಿದ್ದು ಕೀ ತೆಗೆದುಕೊಂಡು ಹೋಗಿದ್ದರೋ? ಮುಖಗಳು ನೆನಪಾಗುತ್ತಿರಲಿಲ್ಲ, ಅದೇ ಅವರಿಗೆ ಹೆಚ್ಚು ನೋವು ಕೊಟ್ಟದ್ದು. ತ್ರಿಪುರಸುಂದರಿ ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದರು, ಒರೆಸುವುದಕ್ಕೆ ಹಣೆಯ ಮೇಲೆ ಕರೀ ಬೆರಳಚ್ಚೇ ಇರುತ್ತಿರಲಿಲ್ಲ.

ಪ್ಲೇಟು ಬಂತು. ಅಳತೆಗೆ ಕೂರಿಸಿ, ಎಲ್‌ಎಸ್‌ಡಿಗೆ ಹಾಕುವ ಎಣ್ಣೆಯನ್ನೇ ತುಂಬಿಸಿ, ಹಿಂದಕ್ಕೆ ಜೋಡಿ ಟೈರು ಹಾಕಿಸಿದರು. ಜಾಕ್ ಮೇಲೆ ಸರಳು ಹಾಕಿ ಎಳೆದರೆ ಈಗ ಚಕ್ರ ಮೊಂಡು ಹಿಡಿಯಿತು. ಸೊಣ್ಣಪ್ಪ ಗಾಡಿ ಒಯ್ಯುವುದಕ್ಕೆ ಬಂದ. ಮುಖ ಕ್ಷೌರ ಮಾಡಿಸಿ, ಒಗೆದ ಖಾಕಿ ಹಾಕಿಕೊಂಡಿದ್ದ.

ಪಂಚಾಕ್ಷರಯ್ಯ ಕೀ ಕೊಟ್ಟು, “ಒಂದು ಸುತ್ತು ಹೋಗಿ ನೋಡ್ಕೊಂಡು ಬಾ” ಎಂದರು.

“ನೋಡೋದೇನೈತೆ ಅಯ್ನೋರೆ? ನೀವು ಸರಿ ಇದೆ ಅಂದ್ರೆ ಸರಿನೇ.”

ಅವನು ಕುಟುಕುವುದಕ್ಕೆ ಅಂದದ್ದಲ್ಲ, ಎಂದಿನ ಮರ್ಯಾದೆಯಿಂದ ಅಂದದ್ದು. ಬೈದಿದ್ದರೂ ಪಂಚಾಕ್ಷರಯ್ಯನವರಿಗೆ ಅಷ್ಟು ನೋಯುತ್ತಿರಲಿಲ್ಲ.

“ನಾನು ಇನ್ನೂ ಏನೂ ಅಂದಿಲ್ಲ” ಎಂದರು. “ಹೇಳಬೇಕಾದೋನು ನೀನು. ನೀನು ಹೇಳೋವರೆಗೂ ಈ ಗಾಡಿ ಸರಿಯಾಗಿಲ್ಲ.”

ಸೊಣ್ಣಪ್ಪ ಅವರ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿ ಕಳಚಿ ಮರದ ಬುಡದಲ್ಲಿಟ್ಟು, ಗುಡಿಯ ಕಡೆ ಒಂದು ಸಲ ಕೈಮುಗಿದು ಹತ್ತಿ ಕೂತ. ಜೀಪು ಬಲಕ್ಕೆ ಹೊರಟು ಗೋಮುಖದ ತನಕ ಹೋಗಿ ಮರೆಯಾಯಿತು. ಪಂಚಾಕ್ಷರಯ್ಯ ರಸ್ತೆಯ ಅಂಚಿನಲ್ಲಿ, ಫಲಿತಾಂಶಕ್ಕೆ ನಿಂತ ಹುಡುಗನ ಹಾಗೆ, ಎರಡು ಕೈ ಕಟ್ಟಿಕೊಂಡು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ, ದೇವರನ್ನು ಎಡಕ್ಕಿಟ್ಟುಕೊಂಡು, ಜೀಪು ನಿಧಾನವಾಗಿ ವಾಪಸ್ಸು ಬಂತು. ಅವರಿಗೆ ಯಾವ ಸದ್ದೂ ಕೇಳಿಸಲಿಲ್ಲ. ಆದರೂ ಬಾಯಿ ತೆರೆಯದೆ ಕಾದರು.

ಸೊಣ್ಣಪ್ಪ ಮರದ ಕೆಳಗೆ ನಿಲ್ಲಿಸಿ, ಇಳಿದು, ಚಪ್ಪಲಿ ಮೆಟ್ಟಿಕೊಂಡ.

“ಸರಿ ಇದೆ” ಎಂದ.